ತಿಂಗಳ ದುಡ್ಡು ಮಕ್ಕಳ ಕೈಗೇ ಕೊಟ್ಟು ನೋಡಿ

ಹಾಸನದ ಅಪ್ಪ ಅಮ್ಮಂದಿರೇ, ಒಂಬತ್ತನೇ ತರಗತಿಯ ನನ್ನ ಮಗಳಿಗೆ ದಿನವೂ 20 ರೂಪಾಯಿ ಕೊಡುವುದನ್ನು ನಿಲ್ಲಿಸಿ, ತಿಂಗಳ ಮೊದಲ ದಿನವೇ 600 ರೂಪಾಯಿ ಒಟ್ಟಿಗೆ ಕೊಡತೊಡಗಿದೆ. ಮೊದಲ ಸಲ ಹನ್ನೆರಡನೇ ತಾರೀಖಿಗೇ ಖಾಲಿ. ಮತ್ತೆ ಕೇಳಿದಳು. ಕರುಳು ಚುರುಕ್ಕೆಂದಿತು, ಆದರೂ ಕೊಡಲಿಲ್ಲ. ಅಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಲೇಬೇಕು. ಈಗ ಪಾನಿಪುರಿ, ಪೆನ್ನು, ಜೆರಾಕ್ಸ್ ಎಲ್ಲವನ್ನೂ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾಳೆ. ಕಟ್ಟಿನಕೆರೆ ಮಾರುಕಟ್ಟೆಗೂ ಅವಳನ್ನೇ ಕಳುಹಿಸುತ್ತೇನೆ. ಮೂರು ಕಡೆ ಬೀನ್ಸ್ ಬೆಲೆ ವಿಚಾರಿಸಿದ ಮೇಲೆಯೇ ಚೀಲ ಬಿಚ್ಚುತ್ತಾಳೆ.

10 ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆಯಬಹುದು, 500 ರೂಪಾಯಿ ಸಾಕು. ಆರ್‌ಡಿ (ಪ್ರತಿ ತಿಂಗಳೂ ಕಟ್ಟುವ ಠೇವಣಿ) ಆದರೆ ತಿಂಗಳಿಗೆ 100 ರೂಪಾಯಿಯಿಂದ, 5 ವರ್ಷದ ಅವಧಿ. ಹಣ ಕಟ್ಟುವ ಚೀಟಿಯನ್ನು ನೀವು ತುಂಬಬೇಡಿ, ಮಕ್ಕಳೇ ತುಂಬಲಿ.