ಹಳೆಯ ಪಿಕಪ್‌ಗೆ ಬೇರೆ ಎಂಜಿನ್: ಹೆಡರ್ ಆಯ್ಕೆಯಲ್ಲಿ ನನ್ನ ಅನುಭವ

1972ರ ಶೆವ್ರೊಲೆ ಸಿ10 ಪಿಕಪ್ ಟ್ರಕ್ಕಿನಲ್ಲಿದ್ದ 250 ಘನ ಇಂಚಿನ ಆರು ಸಿಲಿಂಡರ್‌ಗಳ ಎಂಜಿನ್ನನ್ನು ಇಳಿಸಿ, ಅದರ ಜಾಗದಲ್ಲಿ 2004ರ ಪಿಕಪ್ಪೊಂದರಿಂದ ಬಿಚ್ಚಿ ತಂದ 5.3 ಲೀಟರ್ ವಿ8 (ಎರಡು ಬದಿಗೆ ನಾಲ್ಕು ನಾಲ್ಕರಂತೆ ಎಂಟು ಸಿಲಿಂಡರ್‌ಗಳ) ಎಂಜಿನ್ನನ್ನು ಕೂರಿಸುವ ಕೆಲಸಕ್ಕೆ ಕೈ ಹಾಕಿದಾಗ, ನನ್ನ ಚಿಂತೆಯೆಲ್ಲ ವೈರಿಂಗ್, ಪೆಟ್ರೋಲ್ ಪಂಪ್ ಮತ್ತು ಎಂಜಿನ್ ಕಂಪ್ಯೂಟರಿನ ಮೇಲಿತ್ತು. ಹೆಡರ್ ಎಂದರೆ ಸುಟ್ಟ ಅನಿಲವನ್ನು ಹೊರಕ್ಕೆ ಒಯ್ಯಲು ಸಿಲಿಂಡರ್ ಹೆಡ್ಡಿಗೆ ಬೋಲ್ಟ್ ಹಾಕಿ ಬಿಗಿಯುವ ನಾಲ್ಕು ಕೊಳವೆಗಳ ಗೊಂಚಲು, ಅದನ್ನು ಆರಿಸುವುದಕ್ಕೆ ಒಂದು ಸಂಜೆ ಸಾಕು ಎಂದುಕೊಂಡಿದ್ದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ದಿನ ತೆಗೆದುಕೊಂಡದ್ದು ಆ ಗೊಂಚಲೇ.

ಹಳೆಯ ಎಂಜಿನ್ನಿನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳೆರಡೂ, ಅಂದರೆ ಗಾಳಿ ಒಳಸೇರುವ ಮತ್ತು ಸುಟ್ಟ ಅನಿಲ ಹೊರಹೋಗುವ ಹಾದಿಗಳೆರಡೂ, ಎಡಬದಿಗೇ ಇದ್ದವು. ಬಲಬದಿಯಲ್ಲಿ ಬಿಸಿ ಕೊಳವೆ ಎಂಬುದೇ ಇರಲಿಲ್ಲ. ವಿ8 ಬಂದಾಗ ಎರಡೂ ಬದಿಗೆ ಬೆಂಕಿಯಂಥ ಕೊಳವೆಗಳು ಇಳಿಯುತ್ತವೆ. ಎಡಕ್ಕೆ ಸ್ಟೀರಿಂಗ್ ಶಾಫ್ಟ್, ಸ್ಟೀರಿಂಗ್ ಬಾಕ್ಸ್, ಬ್ರೇಕ್ ಪೈಪು ಮತ್ತು ಗೇರ್‌ಬಾಕ್ಸಿನ ಶಿಫ್ಟ್ ಲಿವರ್. ಬಲಕ್ಕೆ ಸ್ಟಾರ್ಟರ್ ಮೋಟಾರ್, ಆಯಿಲ್ ಡಿಪ್‌ಸ್ಟಿಕ್ಕಿನ ಕೊಳವೆ, ಗೇರ್‌ಬಾಕ್ಸಿನ ಆಯಿಲ್ ತಂಪು ಮಾಡುವ ಪೈಪುಗಳು. ಇವೆಲ್ಲವುಗಳ ನಡುವೆ ಉಳಿಯುವ ಸಂದಿಯಲ್ಲೇ ಹೆಡರ್ ಹಾದುಹೋಗಬೇಕು.

ಈ ಸಂದಿಯನ್ನು ಅಳೆಯದೆ, ಎಷ್ಟು ಹಾರ್ಸ್‌ಪವರ್ ಹೆಚ್ಚುತ್ತದೆ ಎಂಬ ಲೆಕ್ಕವನ್ನಷ್ಟೇ ನೋಡಿ, ನಾನು ಮೊದಲು ಉದ್ದ ಕೊಳವೆಯ ಹೆಡರ್ ಜೋಡಿಯೊಂದನ್ನು ತರಿಸಿದೆ. ಪ್ರತಿ ಕೊಳವೆಯ ವ್ಯಾಸ 1-7/8 ಇಂಚು, ಅವೆಲ್ಲ ಕೂಡುವ ಕಲೆಕ್ಟರ್ 3 ಇಂಚು. ಬಲಭಾಗದ್ದು ಹೇಗೋ ಕೂತಿತು. ಎಡಭಾಗದ್ದನ್ನು ಕೆಳಗಿನಿಂದ ಏರಿಸಿದಾಗ ಮೂರನೆಯ ಕೊಳವೆ ಸ್ಟೀರಿಂಗ್ ಶಾಫ್ಟಿಗೆ ಒತ್ತಿ ನಿಂತಿತು, ಕಲೆಕ್ಟರ್ ಶಿಫ್ಟ್ ಲಿವರಿನ ದಾರಿಗೆ ಅಡ್ಡ ಬಂದಿತು. ತಯಾರಕರ ಪಟ್ಟಿಯಲ್ಲಿ ನನ್ನ ಟ್ರಕ್ಕಿನ ಹೆಸರೂ ಇತ್ತು, ಎಂಜಿನ್ನಿನ ಹೆಸರೂ ಇತ್ತು. ಇಲ್ಲದ್ದು ಒಂದೇ ಮಾತು: ಎಂಜಿನ್ ಯಾವ ಸ್ಥಾನದಲ್ಲಿ ಕೂತಿದ್ದರೆ ಈ ಹೆಡರ್ ಹೊಂದುತ್ತದೆ ಎಂಬುದು. ಎಂಜಿನ್ನನ್ನು ಚಾಸಿಗೆ ಹಿಡಿಸುವ ನನ್ನ ಮೌಂಟ್ ಪ್ಲೇಟುಗಳು ಅದನ್ನು ಒಂದು ಇಂಚು ಹಿಂದಕ್ಕೆ ಕೂರಿಸಿದ್ದವು. ಆ ಹೆಡರನ್ನು ಬಗ್ಗಿಸಿದ್ದು ಬೇರೆ ಸ್ಥಾನಕ್ಕೆ. ಒಂದು ಇಂಚು ಅಲ್ಪವೆಂದು ತೋರಬಹುದು, ಆದರೆ ಶಾಫ್ಟಿಗೂ ಕೊಳವೆಗೂ ಇರಬೇಕಾದ ಅಂತರವೇ ಅದರ ಅರ್ಧದಷ್ಟಿರುವಾಗ ಒಂದು ಇಂಚು ಬಹಳ ದೊಡ್ಡದು.

ಆ ಜೋಡಿಯನ್ನು ಹಿಂತಿರುಗಿಸಿ ಕೆಲಸದ ಕ್ರಮವನ್ನೇ ಬದಲಿಸಿದೆ. ಮೊದಲು ಮೌಂಟ್ ಪ್ಲೇಟು, ಆಯಿಲ್ ಪ್ಯಾನ್, ಗೇರ್‌ಬಾಕ್ಸ್ ಮತ್ತು ಅದರ ಕ್ರಾಸ್ ಮೆಂಬರ್, ಕಡೆಗೆ ಸ್ಟೀರಿಂಗ್ ಶಾಫ್ಟು, ಹೀಗೆ ಒಂದೊಂದನ್ನೂ ಅದರದರ ಅಂತಿಮ ಜಾಗದಲ್ಲಿ ಪೂರ್ತಿ ಬಿಗಿದೆ. ಎಂಜಿನ್ನಿನ ಭಾರ ಮೌಂಟಿನ ರಬ್ಬರಿನ ಮೇಲೆ ನಿಜವಾಗಿ ಬೀಳಬೇಕು. ಸರಪಳಿಯಲ್ಲಿ ತೂಗುತ್ತಿರುವ ಎಂಜಿನ್ನಿನಲ್ಲಿ ತೆಗೆದ ಅಳತೆ ನಂಬಲರ್ಹವಲ್ಲ. ಆಮೇಲೆ 41 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಪ್ರತಿ ಪೋರ್ಟಿನ (ಹೆಡ್ಡಿನಲ್ಲಿ ಅನಿಲ ಹೊರಬರುವ ತೂತಿನ) ಮುಂದೆ ಹಿಡಿದು, ಕೊಳವೆ ಎಲ್ಲಿ ಬಾಗಬೇಕು, ಎಲ್ಲಿ ಇಳಿಯಬೇಕು ಎಂದು ಗುರುತು ಹಾಕಿಕೊಂಡೆ. ಚಾಸಿ ರೈಲಿನ ಒಳಮುಖದಿಂದ ಪೋರ್ಟಿನವರೆಗೆ, ಶಾಫ್ಟಿನಿಂದ ಸ್ಪಾರ್ಕ್ ಪ್ಲಗ್ಗಿನವರೆಗೆ, ಕಲೆಕ್ಟರ್ ಬರುವ ಜಾಗದಿಂದ ನೆಲದವರೆಗೆ ಇರುವ ದೂರಗಳನ್ನು ಬರೆದಿಟ್ಟ ಒಂದು ಹಾಳೆಯೇ ಮುಂದೆ ನನ್ನ ನಿಜವಾದ ಖರೀದಿ ಪಟ್ಟಿಯಾಯಿತು.

ಜಾಗದ ಪ್ರಶ್ನೆ ಬಗೆಹರಿದ ಮೇಲೆ ವ್ಯಾಸ ಮತ್ತು ಉದ್ದದ ಪ್ರಶ್ನೆ. ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ಹೊರನುಗ್ಗುವ ಒತ್ತಡದ ಅಲೆ ಕೊಳವೆಯಲ್ಲಿ ಓಡಿ, ನಾಲ್ಕು ಕೊಳವೆಗಳು ಕೂಡುವ ಕಲೆಕ್ಟರಿನಲ್ಲಿ ಇದ್ದಕ್ಕಿದ್ದಂತೆ ಹರವು ಸಿಕ್ಕಾಗ, ಕಡಿಮೆ ಒತ್ತಡದ ಅಲೆಯಾಗಿ ಹಿಂದಕ್ಕೆ ಮರಳುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳೆರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವ ಗಳಿಗೆಯಲ್ಲೇ ಆ ಅಲೆ ವಾಪಸು ತಲುಪಿದರೆ, ಸಿಲಿಂಡರಿನಲ್ಲಿ ಉಳಿದ ಸುಟ್ಟ ಅನಿಲವನ್ನು ಎಳೆದುಕೊಂಡು ಹೋಗುತ್ತದೆ. ಉದ್ದ ಕೊಳವೆಯ ಹೆಡರಿನ ಲಾಭವೆಲ್ಲ ಈ ಹೊಂದಾಣಿಕೆಯಲ್ಲಿದೆ. ಆದರೆ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳ ದಂಡವಾದ ಕ್ಯಾಮ್ ನನ್ನ ಎಂಜಿನ್ನಿನಲ್ಲಿ ಕಾರ್ಖಾನೆಯ ಟ್ರಕ್ಕಿನದೇ. ಅದರಲ್ಲಿ ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ ತೀರ ಕಿರಿದು. ಎಳೆಯುವ ಅಲೆ ಎಷ್ಟೇ ಬಲವಾಗಿದ್ದರೂ ಅದಕ್ಕೆ ಬಾಗಿಲು ತೆರೆದಿರುವುದೇ ಕ್ಷಣಮಾತ್ರ. ಜೊತೆಗೆ ಕೊಳವೆ ಅಗತ್ಯಕ್ಕಿಂತ ಅಗಲವಾದರೆ ಕಡಿಮೆ ವೇಗದಲ್ಲಿ ಅನಿಲದ ಓಟ ಕುಗ್ಗುತ್ತದೆ. ಭಾರ ಹೊತ್ತು ಏರು ಹತ್ತುವ ಟ್ರಕ್ಕಿಗೆ ಬೇಕಾದ ಎಳೆತ ಇರುವುದು ನಿಮಿಷಕ್ಕೆ 1,500ರಿಂದ 4,000 ಸುತ್ತುಗಳ ನಡುವೆ. ಆದ್ದರಿಂದ 1-5/8 ಇಂಚಿನ ಕೊಳವೆ, 2-1/2 ಇಂಚಿನ ಕಲೆಕ್ಟರ್ ಇರುವ ಮಧ್ಯಮ ಉದ್ದದ ಹೆಡರ್ ಎಂದು ನಿಶ್ಚಯಿಸಿದೆ. ಮುಂದೆ ದೊಡ್ಡ ಕ್ಯಾಮ್ ಹಾಕುವ ಯೋಚನೆ ಇರುವವರು 1-3/4 ಇಂಚಿನದನ್ನು ನೋಡುವುದು ನ್ಯಾಯವೇ.

ಎಂಜಿನ್ನಿನ ಜೊತೆಗೆ ಬಂದ ಎರಕದ ಮ್ಯಾನಿಫೋಲ್ಡನ್ನೇ ಏಕೆ ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಅನೇಕರಿಗೆ ಅದೇ ಸರಿಯಾದ ಉತ್ತರ. ಅದು ಸದ್ದು ಕಡಿಮೆ ಮಾಡುತ್ತದೆ, ಬೇಗ ಸೋರುವುದಿಲ್ಲ, ಪ್ಲಗ್ಗಿನ ವೈರುಗಳಿಂದ ದೂರ ಇರುತ್ತದೆ. ಆದರೆ ಇದರಲ್ಲಿ ನಾಲ್ಕು ಪೋರ್ಟುಗಳು ಒಂದೇ ಗಿಡ್ಡ ಹಾದಿಗೆ ಬಂದು ಬೀಳುತ್ತವೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-8-7-2-6-5-4-3. ಬೆಸ ಸಂಖ್ಯೆಗಳು ಎಡಕ್ಕೆ, ಸಮ ಸಂಖ್ಯೆಗಳು ಬಲಕ್ಕೆ. ಹಾಗಾಗಿ ಬಲಬದಿಯಲ್ಲಿ 2 ಮತ್ತು 6, ಎಡಬದಿಯಲ್ಲಿ 3 ಮತ್ತು 1, ಎಂಜಿನ್ ಶಾಫ್ಟ್ ಬರೀ 90 ಡಿಗ್ರಿ ತಿರುಗುವಷ್ಟರಲ್ಲಿ ಒಂದರ ಬೆನ್ನಿಗೆ ಒಂದು ಉರಿಯುತ್ತವೆ. ಗಿಡ್ಡ ಮ್ಯಾನಿಫೋಲ್ಡಿನಲ್ಲಿ ಈ ಜೋಡಿಗಳು ಪರಸ್ಪರ ದಾರಿ ಕಟ್ಟುತ್ತವೆ. ಬೇರೆ ಬೇರೆ ಕೊಳವೆ ಇದ್ದರೆ ಸಾಕಷ್ಟು ದೂರ ಬೇರೆಯಾಗಿಯೇ ಸಾಗುತ್ತವೆ. ಇಷ್ಟರ ಮೇಲೆ ನನ್ನ ಎಡಗಡೆಯ ಮ್ಯಾನಿಫೋಲ್ಡಿನ ಬಾಯಿ ನೇರವಾಗಿ ಚಾಸಿ ರೈಲಿಗೆ ಮುಖ ಮಾಡಿ ನಿಂತಿದ್ದರಿಂದ ತೀರ್ಮಾನ ಸುಲಭವಾಯಿತು.

ಆ ಮ್ಯಾನಿಫೋಲ್ಡ್ ಬಿಚ್ಚುವಾಗ ಹಿಂಬದಿಯ ಎರಡು ಬೋಲ್ಟುಗಳ ತಲೆ ಮೊದಲೇ ಹಾರಿಹೋಗಿದ್ದದ್ದು ಕಂಡಿತು. ಈ ಎಂಜಿನ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ: ಅಲ್ಯೂಮಿನಿಯಂ ಹೆಡ್ಡು ಮತ್ತು ಎರಕದ ಕಬ್ಬಿಣದ ಮ್ಯಾನಿಫೋಲ್ಡು ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ನಡುವೆ ಸಿಕ್ಕ 8 ಮಿಲಿಮೀಟರ್ ಬೋಲ್ಟು ವರ್ಷಗಳ ಕಾಲ ಆ ಜಗ್ಗಾಟವನ್ನು ತಡೆದು ಕಡೆಗೆ ತುಂಡಾಗುತ್ತದೆ. ಒಂದರ ಮೋಟು ಮೂರು ಮಿಲಿಮೀಟರಿನಷ್ಟು ಹೊರಗಿತ್ತು. ಅದರ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿ, ಕೆಂಪು ಆರುವವರೆಗೆ ಕಾದು, ಎಣ್ಣೆ ಬಿಟ್ಟು, ಸ್ಪ್ಯಾನರಿನಿಂದ ಒಂದಿಷ್ಟು ಬಿಗಿಯುವ ಕಡೆಗೆ, ಒಂದಿಷ್ಟು ಸಡಿಲಿಸುವ ಕಡೆಗೆ ಅಲುಗಾಡಿಸುತ್ತ ಬಂದೆ. ಮೊದಲ ನಟ್ಟು ಕಿತ್ತು ಬಂತು; ಎರಡನೆಯದು ಹಿಡಿಯಿತು. ಎಳೆ ಬಿಡುವಾಗ ಬಂದ ಕಿರ್ರೆಂಬ ಸದ್ದು ಇನ್ನೂ ನೆನಪಿದೆ. ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು. ಟ್ರಕ್ಕಿನೊಳಗೆ ಕೂತ ಮೇಲೆ ಹಿಂದಿನ ಬೋಲ್ಟಿನ ಬಳಿಗೆ ಕೈಯೇ ಹೋಗುವುದಿಲ್ಲ.

ಲೋಹದ ವಿಷಯದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 304 ಸ್ಟೇನ್‌ಲೆಸ್ ಉಕ್ಕು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ, ಆದರೆ ಸಾಮಾನ್ಯ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ನಾನು ಒಳಗೂ ಹೊರಗೂ ಸೆರಾಮಿಕ್ ಲೇಪನವಿರುವ 16 ಗೇಜಿನ ಸಾಮಾನ್ಯ ಉಕ್ಕನ್ನು ಆರಿಸಿದೆ. ಹೆಚ್ಚು ಗಮನಿಸಿದ್ದು ಹೆಡ್ಡಿಗೆ ತಾಗಿ ಕೂರುವ ಚಪ್ಪಟೆ ಪಟ್ಟಿಯಾದ ಫ್ಲ್ಯಾಂಜಿನ ದಪ್ಪ: 3/8 ಇಂಚಿಗಿಂತ ತೆಳುವಾದದ್ದು ಬಿಸಿಗೆ ಡೊಂಕಾಗುವ ಸಂಭವ ಹೆಚ್ಚು. ಉದ್ದನೆಯ ಉಕ್ಕಿನ ಅಳತೆಪಟ್ಟಿಯನ್ನು ಫ್ಲ್ಯಾಂಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಹಿಂದಿನಿಂದ ದೀಪ ಹಿಡಿದು ಬೆಳಕು ಎಲ್ಲಿ ನುಸುಳುತ್ತದೆ ಎಂದು ನೋಡಿಯೇ ಅದನ್ನು ಒಪ್ಪಿಕೊಂಡೆ. ಕೊಳವೆಗೆ ಬಟ್ಟೆಯಂಥ ಶಾಖಪಟ್ಟಿ ಸುತ್ತಲಿಲ್ಲ. ಅದು ತೇವವನ್ನು ಹಿಡಿದಿಟ್ಟು ಉಕ್ಕನ್ನು ತಿನ್ನುತ್ತದೆ. ಅದರ ಬದಲು ಸ್ಟಾರ್ಟರಿಗೆ ಒಂದು ತಗಡಿನ ಮರೆ ಕಟ್ಟಿದೆ, ಪ್ಲಗ್ಗಿನ ವೈರುಗಳಿಗೆ ಶಾಖ ತಡೆಯುವ ತೋಳು ತೊಡಿಸಿದೆ.

ಹೊರಹೋಗುವ ಅನಿಲದಲ್ಲಿನ ಆಮ್ಲಜನಕವನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಆಕ್ಸಿಜನ್ ಸೆನ್ಸರಿನ ತೂತು ಎಲ್ಲಿದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ಸೆನ್ಸರ್ ಕೊಳವೆಯ ಮೇಲರ್ಧದಲ್ಲಿ, ಅಡ್ಡರೇಖೆಗಿಂತ ಸ್ವಲ್ಪ ಮೇಲಕ್ಕೆ ವಾಲಿಕೊಂಡಿರಬೇಕು. ಇಲ್ಲದಿದ್ದರೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಕೊಳವೆಯಲ್ಲಿ ಸೇರುವ ನೀರು ಅದರ ಮೇಲೆ ನಿಂತು ಅದನ್ನು ಹಾಳುಮಾಡುತ್ತದೆ. ಸೆನ್ಸರಿಗಿಂತ ಮೊದಲು ಎಲ್ಲಾದರೂ ಸೋರಿದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಕಂಪ್ಯೂಟರ್ ತಪ್ಪಾಗಿ ತಿಳಿದು ಸುಮ್ಮನೆ ಹೆಚ್ಚು ಸುರಿಯುತ್ತದೆ. ಆದ್ದರಿಂದ ಹೆಡ್ಡಿಗೂ ಫ್ಲ್ಯಾಂಜಿಗೂ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟಿನಲ್ಲಿ ಉಳಿತಾಯ ಮಾಡದೆ ಹಲವು ಪದರದ ಉಕ್ಕಿನದನ್ನೇ ಹಾಕಿದೆ. ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಮೊದಲ ಸುತ್ತಿನಲ್ಲಿ 15, ಎರಡನೆಯ ಸುತ್ತಿನಲ್ಲಿ 25 ನ್ಯೂಟನ್ ಮೀಟರಿಗೆ ಬಿಗಿದೆ.

ಪೂರ್ತಿ ಬಿಗಿಯುವ ಮುನ್ನ ಎಂಟೂ ಪ್ಲಗ್ಗುಗಳನ್ನು ಒಮ್ಮೆ ತೆಗೆದು ಹಾಕಿ ನೋಡಿದೆ. ಏಳನೆಯದಕ್ಕೆ ಗಿಡ್ಡ ಸಾಕೆಟ್ ಬೇಕಾಯಿತು, ಉಳಿದವು ಸಲೀಸಾಗಿ ಬಂದವು. ಎಂಜಿನ್ ಒದೆದಾಗ ರಬ್ಬರ್ ಮೌಂಟಿನ ಮೇಲೆ ವಾಲುತ್ತದೆಯಾದ್ದರಿಂದ, ನಿಂತಾಗ ಇರುವ ಅಂತರವೊಂದನ್ನೇ ನಂಬುವಂತಿಲ್ಲ. ಸ್ಟೀರಿಂಗ್ ಶಾಫ್ಟಿನ ಮೇಲೆ ಕೊಳವೆಯ ಎದುರಿಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಿ, ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು ಗೇರ್ ಹಾಕಿ ಕ್ಷಣಕಾಲ ಮಾತ್ರ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿದೆ. ಮಣ್ಣು ಅತಿ ತೆಳುವಾಗಿ ಅದುಮಿದ ಕಡೆ ಇನ್ನೂ 9 ಮಿಲಿಮೀಟರ್ ಉಳಿದಿತ್ತು. ಐದಾರು ಬಾರಿ ಬಿಸಿಯಾಗಿ ತಣ್ಣಗಾದ ಮೇಲೆ, ಎಂಜಿನ್ ಪೂರ್ತಿ ಆರಿದ್ದಾಗ ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಿದೆ. ಎಡಬದಿಯ ಹಿಂದಿನ ಒಂದು ಮಾತ್ರ ಕಾಲು ಸುತ್ತು ತಿರುಗಿತು. ಆ ಬೋಲ್ಟಿನ ತಲೆಗೂ ಫ್ಲ್ಯಾಂಜಿಗೂ ಸೇರಿಸಿ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದಿದ್ದೇನೆ, ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ಅದನ್ನು ನೋಡುತ್ತೇನೆ, ಗೆರೆ ಈವರೆಗೂ ಮುರಿದಿಲ್ಲ.