ಹಳೇ ಲೈಬ್ರರಿಗೆ ಮತ್ತೆ ಗಾರೆ

ಮೈಸೂರಿನಲ್ಲಿ ಹಳೇ ಕಟ್ಟಡ ಅಂದರೆ ಈಗ ಜನಕ್ಕೆ ಭಯ ಜಾಸ್ತಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಾಗಾಗಿ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ಸೋರತೊಡಗಿದಾಗ ‘ಕೆಡವಿ ಹೊಸದು ಕಟ್ಟಿಬಿಡಿ’ ಅಂದವರೇ ಹೆಚ್ಚು. ಹಳೇ ಕಟ್ಟಡಗಳ ರಿಪೇರಿ ನನ್ನ ಕಸುಬು. ಏಣಿ ಹಾಕಿ ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿದೆ. ಗೋಡೆಯೊಳಗೆ ಹೋಗುವ ತುದಿಯಲ್ಲಿ ಕೆಲವು ಪೊಳ್ಳು ಸದ್ದು ಮಾಡಿದವು. ಉಳಿದ ತೇಗವೆಲ್ಲ ಗಟ್ಟಿ. ಕೆಡವುವ ಮಾತು ಅಲ್ಲಿಗೆ ಮುಗಿಯಿತು.

ಗೋಡೆ ಕೆಟ್ಟಿದ್ದು ಹಿಂದೆ ಯಾವಾಗಲೋ ಮಾಡಿಸಿದ್ದ ರಿಪೇರಿಯಿಂದ. ಇಟ್ಟಿಗೆ-ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದು, ಅದರ ಮೇಲೆ ಸೊಂಟದೆತ್ತರಕ್ಕೆ ಆಯಿಲ್ ಪೇಂಟ್ ಹೊಡೆಸಿದ್ದರು. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ತೇವ ಎಲ್ಲಿಗೆ ಹೋಗಬೇಕು? ಒಳಗೇ ಮೇಲೇರುತ್ತದೆ. ಜೊತೆಗೆ ಉಪ್ಪು ಎದ್ದು ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಹೊರಗಿನ ನೆಲವೂ ಏರಿತ್ತು. ಮಳೆ ನೀರು ನೇರ ಗೋಡೆ ಬುಡಕ್ಕೇ ಬಂದು ನಿಲ್ಲುತ್ತಿತ್ತು. ಮೊದಲು ಸುತ್ತ ಮಣ್ಣು ತೆಗೆಸಿ ಚರಂಡಿ ಮಾಡಿಸಿದೆವು. ಆಮೇಲೆ ಸಿಮೆಂಟ್ ಕೆರೆಸಿ, ಗೋಡೆಯನ್ನು ಒಂದು ಬೇಸಿಗೆ ಸುಮ್ನೆ ಒಣಗಲು ಬಿಟ್ಟೆವು. ಕೆಲಸ ನಿಂತೇಹೋಗಿದೆ ಅಂತ ಎಲ್ಲರೂ ಬೈದರು, ಅದು ಬೇರೆ ವಿಷಯ.

ಚಾವಣಿ ಮದ್ರಾಸ್ ತಾರಸಿ. ತೊಲೆಗಳ ಮೇಲೆ ಚಿಕ್ಕ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕಚ್ಚಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಪದರ. ಸೋರುತ್ತಿದ್ದದ್ದು ಈ ಮೇಲಿನ ಪದರ ಬಿರುಕು ಬಿಟ್ಟ ಕಡೆ. ಅಲ್ಲೆಲ್ಲ ತಾರು ಬಳಿದು ಬಳಿದು ಹಪ್ಪಳದ ಹಾಗೆ ಎದ್ದಿತ್ತು. ಎಲ್ಲಾ ಕಿತ್ತು ಹೊಸದಾಗಿ ಹಾಕಿದೆವು. ಸುಣ್ಣವನ್ನು ತೊಟ್ಟಿಯಲ್ಲಿ ಅರಳಿಸಿ ವಾರಗಟ್ಟಲೆ ನೀರಿನಲ್ಲೇ ಇಟ್ಟಿದ್ದೆವು. ಬೆಲ್ಲ, ಜಜ್ಜಿದ ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ಬಡಿಯುತ್ತಿದ್ದರು. ನನಗೆ ಅವಸರ. ಎಷ್ಟು ಬಡಿದರೆ ಸಾಕು ಅಂತ ಮೇಸ್ತ್ರಿಯನ್ನು ಕೇಳಿದೆ. ‘ಸ್ವಾಮಿ, ಹಲಗೆ ವಾಪಸ್ ಹಾರಬೇಕು. ಅಲ್ಲೀವರೆಗೂ ಬಡೀತಾನೇ ಇರೋದು’ ಅಂದರು. ಹೌದು, ಮೊದಲು ‘ದಪ್’ ಅನ್ನುತ್ತಿದ್ದ ಸದ್ದು ಕೊನೆಗೆ ‘ಟಣ್’ ಅಂತ ಬಂತು. ಗಾರೆ ಗೊತ್ತಿರುವ ಇಂಥವರಿಗೆ ಕೂಲಿ ಜಾಸ್ತಿ. ಕೊಡಬೇಕು. ಚೌಕಾಸಿ ಮಾಡಿದರೆ ಅದೇ ಸಿಮೆಂಟ್ ಮೇಸ್ತ್ರಿಗಳು ಸಿಗುತ್ತಾರೆ.

ಕಟ್ಟಡಕ್ಕಿಂತ ತಲೆನೋವಾಗಿದ್ದು ಪುಸ್ತಕ ಸಾಗಿಸುವುದು. ಗೋಣಿಚೀಲದಲ್ಲಿ ತುಂಬಬೇಡಿ, ಬೆನ್ನು ಮುರಿಯುತ್ತದೆ, ಪುಸ್ತಕದ್ದೂ ಹೊರುವವರದ್ದೂ. ಚಿಕ್ಕ ರಟ್ಟಿನ ಪೆಟ್ಟಿಗೆ ಸಾಕು. ಬೀರು ನಂಬರ್, ಕಪಾಟಿನ ಸಾಲು ಎರಡನ್ನೂ ಪೆಟ್ಟಿಗೆಯ ಪಕ್ಕಕ್ಕೆ ಬರೆಯಿರಿ. ಮೇಲೆ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣುವುದಿಲ್ಲ.

ಪೇಪರ್ ಓದುವವರನ್ನು ಮಾತ್ರ ಎಲ್ಲಿಗೂ ಸಾಗಿಸಲಾಗಲಿಲ್ಲ. ಮೊದಲ ದಿನವೇ ಒಬ್ಬ ಹಿರಿಯರು ಬಾಗಿಲಲ್ಲಿ ನಿಂತು, ‘ಏನಪ್ಪಾ, ಪೇಪರ್ ಎಲ್ಲಿ ಹಾಕಿಸ್ತೀಯಾ?’ ಅಂದರು. ನಾವು ಮನೆ ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಕೇಳುವ ಹಕ್ಕು ಅವರಿಗಿದೆ, ಅಲ್ವಾ? ಮುಂದಿನ ಜಗಲಿಗೆ ಶೀಟ್ ಹೊದಿಸಿ ಉದ್ದದ ಮೇಜು ಹಾಕಿಸಿದೆ. ಪರೀಕ್ಷೆಗೆ ಓದುವ ಹುಡುಗರೂ ಅಲ್ಲೇ ಬಂದು ಕೂತರು. ಧೂಳು ಅಂತ ಗೊಣಗಿದರು, ಆದರೆ ಎದ್ದು ಹೋಗಲಿಲ್ಲ.

ಕೊನೆಗೆ ಮುಚ್ಚಿಹೋಗಿದ್ದ ವೆಂಟಿಲೇಟರ್‌ಗಳನ್ನೆಲ್ಲ ತೆರೆಸಿ ಜಾಲರಿ ಹಾಕಿಸಿದೆ. ಬೀರುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡಿಸಿದೆ, ಗಾಳಿ ಆಡಲಿ, ಗೆದ್ದಲು ಬಂದರೆ ಕಾಣಲಿ ಅಂತ. ಒಳಗೆಲ್ಲ ಸುಣ್ಣವೇ. ಪ್ಲಾಸ್ಟಿಕ್ ಪೇಂಟ್ ಬೇಡ ಅಂತ ಲೈಬ್ರರಿಯನ್‌ಗೆ ಬರೆದೇ ಕೊಟ್ಟಿದ್ದೇನೆ. ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಮುಂದಿನ ಸಲ ಬಣ್ಣದ ಟೆಂಡರ್ ಕರೆಯುವವರು ಓದುತ್ತಾರೋ ಇಲ್ಲವೋ, ಗೊತ್ತಿಲ್ಲ.