ಸೋತ ಹುಡುಗರು, ಸಿಮೆಂಟ್ ಅಂಗಳ, ಒಂದು ವರ್ಷ

ಡ್ರಾ ಆಗಿದ್ದರೂ ಮೇಲಿನ ಡಿವಿಷನ್‌ಗೆ ಏರಲು ಸಾಕಿತ್ತು. ಹದಿನೈದರೊಳಗಿನ ಹುಡುಗರ ಫುಟ್‌ಬಾಲ್ ಲೀಗ್, ನಾನು ಕೋಚ್, ಕೊನೆಯ ಪಂದ್ಯ. 1-0 ಮುಂದಿದ್ದೆವು, ಮುಗಿಯಲು ಹತ್ತು ನಿಮಿಷವೂ ಇರಲಿಲ್ಲ. ಆದರೆ ಬೆಂಗಳೂರಿನ ಸಂಜೆ ಮಳೆ ಅರ್ಧ ಗಂಟೆ ಹುಯ್ದು ಗ್ರೌಂಡನ್ನು ಗದ್ದೆ ಮಾಡಿಟ್ಟಿತ್ತು. ಎದುರಾಳಿಗಳು ಮೊದಲು ಒಂದು ಕಾರ್ನರ್‌ನಲ್ಲಿ ಹೆಡರ್ ಹೊಡೆದು ಸಮ ಮಾಡಿದರು. ಅವರ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ನಮ್ಮವನಿಗಿಂತ ಒಂದು ಗೇಣು ಎತ್ತರ. ಆಮೇಲೆ ನಮ್ಮದೇ ಥ್ರೋ. ಲೆಫ್ಟ್ ಬ್ಯಾಕ್ ಗಾಬರಿಯಲ್ಲಿ ಕೀಪರ್ ಕಡೆಗೆ ಎಸೆದ. ನಮ್ಮವರದೇ ಥ್ರೋ, ಕೀಪರ್ ಕೈ ಹಾಕುವ ಹಾಗಿಲ್ಲ. ಪಾಪ, ಕಾಲು ಬೀಸಿದ. ಚೆಂಡು ಕೆಸರಲ್ಲಿ ನಿಂತುಬಿಟ್ಟಿತ್ತು, ಕಾಲು ಗಾಳಿಯಲ್ಲಿ ಹೋಯಿತು. ಅವರ ಫಾರ್ವರ್ಡ್ ಬಂದು ಸುಮ್ಮನೆ ಮುಟ್ಟಿಸಿ ಹೋದ. 1-2. ಮೇಲಿನ ಡಿವಿಷನ್ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ಮೊಬೈಲ್‌ನಲ್ಲಿ ತೆಗೆದ ವಿಡಿಯೋವನ್ನು ಟಿವಿಗೆ ಹಾಕಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಎರಡನೇ ಗೋಲು ಬಂದಾಗ ಯಾರೋ ಮುಸಿಮುಸಿ ಅತ್ತರು, ಇನ್ಯಾರೋ ನಕ್ಕರು. ಕೀಪರ್ ಎದ್ದು ಹೋದವನು ಮೂರು ವಾರ ಬರಲೇ ಇಲ್ಲ. ಅದಾದ ಮೇಲೆ ಯಾರೋ ಹೇಳಿದರೆಂದು ಒಬ್ಬ ಸ್ಫೂರ್ತಿ ಭಾಷಣಕಾರರನ್ನು ಕರೆಸಿದೆ, ಐದು ಸಾವಿರ. ಚಪ್ಪಾಳೆ ಚೆನ್ನಾಗಿ ಬಿತ್ತು. ಕಾಲು ಚುರುಕಾಗಲು ನೆಲಕ್ಕೆ ಹಾಸುವ ಲ್ಯಾಡರ್, ಬೆನ್ನಿಗೆ ಕಟ್ಟಿಕೊಂಡು ಓಡುವ ಪ್ಯಾರಾಚೂಟ್, ಕಾಲಿನ ತೂಕ, ಇವೆಲ್ಲ ಸೇರಿ ಇನ್ನೊಂದು ಒಂಬತ್ತು ಸಾವಿರ. ಪ್ಯಾರಾಚೂಟ್ ಈಗ ನಮ್ಮ ಮನೆಯಲ್ಲಿ ಸ್ಕೂಟರ್ ಮೇಲೆ ಹೊದಿಸಿದೆ.

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಒಂದು ಪಟ್ಟಿ ತಂದರು. ನಮ್ಮ ಹುಡುಗರಲ್ಲಿ ಏಳು ಜನರನ್ನು ಬಿಟ್ಟು ಹೊರಗಿನಿಂದ ಏಳು 'ರೆಡಿ' ಹುಡುಗರನ್ನು ತರಬೇಕಂತೆ. ಅವರಲ್ಲಿ ಇಬ್ಬರನ್ನು ನಾನು ನೋಡಿದ್ದೆ. ಹದಿನಾಲ್ಕು ಅಂತ ಸರ್ಟಿಫಿಕೇಟು, ಮುಖದಲ್ಲಿ ದಿನಾ ಶೇವ್ ಮಾಡಿದ ಗುರುತು. "ಈ ಪುಟಾಣಿಗಳನ್ನ ಇಟ್ಕೊಂಡು ಏನ್ ಮಾಡ್ತೀರಾ ಮಾಸ್ಟ್ರೇ?" ಅಂದರು. ಆ ಮಾತು ತಲೆಯಲ್ಲಿ ಕೊರೆಯಿತು. ಅಂದು ರಾತ್ರಿ ಹುಡುಗರ ಹುಟ್ಟಿದ ತಾರೀಕು ಬರೆದು ನೋಡಿದೆ. ಹದಿನೆಂಟರಲ್ಲಿ ಹನ್ನೊಂದೋ ಹನ್ನೆರಡೋ ಜುಲೈ ಆದಮೇಲೆ ಹುಟ್ಟಿದವರು, ಐದು ಜನ ನವೆಂಬರ್-ಡಿಸೆಂಬರ್. ಎದುರಾಳಿಗಳ ಮುಖ್ಯ ಆಟಗಾರರು ಹೆಚ್ಚುಕಮ್ಮಿ ಎಲ್ಲ ಜನವರಿ-ಮಾರ್ಚ್. ಒಂದೇ ಗುಂಪಲ್ಲಿ ಆಡಿದರೂ ಅವರು ಹತ್ತು ತಿಂಗಳು ದೊಡ್ಡವರು, ಈ ವಯಸ್ಸಲ್ಲಿ ಅದು ಎತ್ತರದಲ್ಲಿ, ಬಲದಲ್ಲಿ ದೊಡ್ಡ ಅಂತರ.

ಸೋತ ತಂಡವನ್ನೇ ಉಳಿಸಿಕೊಂಡು ಗೆಲ್ಲಬಹುದು ಅನ್ನುವುದಕ್ಕೆ ಕಾರ್ಯದರ್ಶಿಗೆ ನಾನು ಕೊಟ್ಟ ಉದಾಹರಣೆ ನಮ್ಮ ಊರಿನದೇ. 2018ರ ಮಾರ್ಚ್ 17, ಕಂಠೀರವ ಸ್ಟೇಡಿಯಂನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಛೆಟ್ರಿ ಮೊದಲ ಹತ್ತು ನಿಮಿಷದಲ್ಲೇ ಹೆಡ್ ಮಾಡಿ ಗೋಲು ಹೊಡೆದಿದ್ದರೂ ಬೆಂಗಳೂರು ಎಫ್‌ಸಿ ಚೆನ್ನೈಯಿನ್‌ಗೆ 2-3ರಲ್ಲಿ ಸೋತಿತು. ನಾನು ಅವತ್ತು ಸ್ಟ್ಯಾಂಡಲ್ಲಿದ್ದೆ, ಹೊರಗೆ ಬರುವಾಗ ಯಾರೂ ಮಾತಾಡುತ್ತಿರಲಿಲ್ಲ. ಕೋಚ್ ರೋಕಾ ಹೋದರು, ಅವರ ಸಹಾಯಕರಾಗಿದ್ದ ಕ್ವಾದ್ರಾತ್ ಅವರೇ ಮೇಲೆ ಬಂದರು. ಛೆಟ್ರಿ, ಗುರ್‌ಪ್ರೀತ್, ಉದಾಂತ, ಡಿಮಾಸ್, ಮಿಕು ಎಲ್ಲ ಅಲ್ಲೇ ಉಳಿದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡರ್, ಕಪ್ ನಮ್ಮದು. "ಅದು ಕೋಟಿಗಳ ಕ್ಲಬ್ಬು ಸ್ವಾಮಿ" ಅಂದರು ಕಾರ್ಯದರ್ಶಿ. ಅದೂ ನಿಜ. ಕೊನೆಗೆ ಒಂದು ಸೀಸನ್ ಅಂತ ಗಡುವು ಕೊಟ್ಟು ಬಜೆಟ್ ಅರ್ಧ ಮಾಡಿದರು.

ಅರ್ಧ ಬಜೆಟ್ಟಿಗೆ ಟರ್ಫ್, ಅಂದರೆ ಕೃತಕ ಹುಲ್ಲಿನ ಬಾಡಿಗೆ ಗ್ರೌಂಡ್, ಕನಸಿನ ಮಾತು, ಆಗ ಗಂಟೆಗೆ ಸಾವಿರದೈನೂರು ಕೇಳುತ್ತಿದ್ದರು. ಹತ್ತಿರದ ಒಂದು ಶಾಲೆಯ ಬಾಸ್ಕೆಟ್‌ಬಾಲ್ ಅಂಗಳ ಸಂಜೆ ಖಾಲಿ ಬಿದ್ದಿರುತ್ತಿತ್ತು. ಮುರಿದ ರಿಂಗ್ ರಿಪೇರಿ ಮಾಡಿಸಿಕೊಟ್ಟೆ, ಕಾವಲಿನವರಿಗೆ ತಿಂಗಳಿಗೆ ಸಾವಿರ. ನಾಲ್ಕನೇ ಸೈಜಿನ ಫುಟ್ಸಾಲ್ (ಸಣ್ಣ ಅಂಗಳದ ಫುಟ್‌ಬಾಲ್) ಚೆಂಡು ಆರು, ಒಂದಕ್ಕೆ ಒಂಬೈನೂರರ ಆಸುಪಾಸು. ಪುಟಿಯದ ಚೆಂಡು, ಕಾಲಿಗೇ ಅಂಟಿಕೊಂಡಿರುತ್ತದೆ. ಮೂರು ತಿಂಗಳು ದೊಡ್ಡ ಗ್ರೌಂಡಿಗೆ ಕಾಲಿಡಲಿಲ್ಲ. ನಾಲ್ಕಕ್ಕೆ ನಾಲ್ಕು, ಸೋತವರು ಹೊರಗೆ. ಸೈಡ್‌ಲೈನ್ ದಾಟಿದ ಚೆಂಡನ್ನು ನಾಲ್ಕು ಸೆಕೆಂಡಲ್ಲಿ ಒಳಗೆ ಹಾಕಬೇಕು, ಇಲ್ಲದಿದ್ದರೆ ಎದುರಾಳಿಗೆ. ನಮ್ಮ ಲೆಫ್ಟ್ ಬ್ಯಾಕ್‌ನ ಗಾಬರಿ ಇಳಿದಿದ್ದು ಈ ನಾಲ್ಕು ಸೆಕೆಂಡಿನಿಂದ. ದಿನಕ್ಕೆ ನಲವತ್ತು ಸಲ ಅದೇ ಗಾಬರಿ ಬಿದ್ದರೆ ಆಮೇಲೆ ಅದು ಗಾಬರಿಯಾಗಿ ಉಳಿಯಲ್ಲ.

ಅಪ್ಪ-ಅಮ್ಮಂದಿರು ಗೊಣಗಿದರು. "ಫುಟ್‌ಬಾಲ್ ಕಲಿಸಿ ಅಂದ್ರೆ ಗಲ್ಲಿ ಆಟ ಆಡಿಸ್ತಿದ್ದೀರಲ್ಲ ಸಾರ್!" ಇಬ್ಬರು ಹುಡುಗರನ್ನು ಬೇರೆ ಅಕಾಡೆಮಿಗೆ ಸೇರಿಸಿಯೂ ಬಿಟ್ಟರು. ಫುಟ್‌ಬಾಲ್‌ಗೇ ಹೆಸರಾದ ಹಲಸೂರಿನ ಗೌತಮಪುರದವರು, ಆಸ್ಟಿನ್ ಟೌನಿನವರು ಗಲ್ಲಿಯಲ್ಲದೆ ಎಲ್ಲಿ ಕಲಿತರು ಅಂತ ಕೇಳಬೇಕಿತ್ತು, ಬಾಯಿ ಕಟ್ಟಿಕೊಂಡೆ.

ಕೀಪರ್ ವಿಷಯಕ್ಕೆ ಬರುತ್ತೇನೆ. ಮನೆಗೆ ಹೋದೆ. ಅವರಮ್ಮ ಕಾಫಿ ಕೊಟ್ಟರು, ಅವನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲಿಗೇ ಮಾತಾಡಿದೆ. "ಗೋಲಲ್ಲಿ ನಿಲ್ಲೋದು ಬೇಡ ಕಣೋ. ನಾಳೆ ಒಬ್ಬ ಕಮ್ಮಿ ಇದಾನೆ, ಬಂದು ಫಾರ್ವರ್ಡ್ ಆಡು." ಮೂರನೇ ದಿನ ಬಂದ, ಗ್ಲೌಸ್ ಇಲ್ಲದೆ. ಸುಮಾರು ಏಳು ವಾರ ಗ್ಲೌಸ್ ಮುಟ್ಟಲೇ ಇಲ್ಲ, ನಾನೂ ಕೇಳಲಿಲ್ಲ. ಸಿಮೆಂಟ್ ಮೇಲೆ ಒತ್ತಡದಲ್ಲಿ ಚೆಂಡು ತಡೆದು, ತಿರುಗಿ, ಪಾಸ್ ಕೊಡುವುದನ್ನು ಕಲಿತ. ಮತ್ತೆ ಗೋಲಿಗೆ ನಿಂತಾಗ ಅವನ ಕಾಲು ನಮ್ಮ ಸ್ಟಾಪರ್‌ಗಳ ಕಾಲಿಗಿಂತ ಚೆನ್ನಾಗಿತ್ತು. ಅಲ್ಲಿಂದ ಗೋಲ್‌ಕಿಕ್‌ಗೆ ಮೂರು ದಾರಿ ಮಾಡಿಕೊಂಡೆವು. ಒಂದು, ಅಗಲಕ್ಕೆ ಇಳಿದ ಸ್ಟಾಪರ್‌ಗೆ. ಎರಡು, ಒಳಗೆ ಬರುವ ಹಾಫ್‌ಗೆ (ನಡುವಿನ ಸಾಲಿನ ಆಟಗಾರನಿಗೆ). ಮೂರನೆಯದನ್ನು ಇಲ್ಲಿ ಬರೆಯಲ್ಲ. ಎದುರಾಳಿ ಕೋಚ್‌ಗಳಿಗೂ ಕನ್ನಡ ಓದಲು ಬರುತ್ತದೆ.

ಮಧ್ಯೆ ನನ್ನ ತಲೆ ಕೆಟ್ಟ ಪ್ರಯೋಗಗಳೂ ನಡೆದವು. ಒದ್ದೆ ಚೆಂಡು ರೂಢಿಯಾಗಲಿ ಅಂತ ಎರಡು ಹಳೇ ಹೊಲಿಗೆ ಚೆಂಡು ರಾತ್ರಿಯಿಡೀ ಬಕೆಟ್ಟಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಲಸಿನ ಹಣ್ಣಿನಷ್ಟು ಭಾರ, ವಾರದಲ್ಲಿ ಹೊಲಿಗೆ ಬಿಟ್ಟಿತು. ಬರಿಗಾಲಲ್ಲಿ ಟೆನ್ನಿಸ್ ಚೆಂಡು ಆಡಿಸಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಫ್ರಾನ್ಸ್‌ಗೆ ಬೆವರಿಳಿಸಿದ್ದರು, ಗೋಲು ಹೊಡೆದವರು ನಮ್ಮ ಬೆಂಗಳೂರಿನ ರಾಮನ್ ಅಂತೆಲ್ಲ ಹುಡುಗರಿಗೆ ಹೇಳಿದೆ. "ಗೆದ್ವಾ ಸರ್?" ಅಂದ ಒಬ್ಬ. ನಮಗೆ ಸಿಕ್ಕ ಎರಡು ಪೆನಾಲ್ಟಿ ಕೈಚೆಲ್ಲಿ 1-2ರಲ್ಲಿ ಸೋತೆವು ಅಂದೆ. "ನಮ್ದೇ ಸ್ಕೋರು" ಅಂದ ಕೀಪರ್. ಆ ಸೋಲಾದ ಮೇಲೆ ಅವನು ಅದರ ಬಗ್ಗೆ ಬಾಯಿ ಬಿಟ್ಟಿದ್ದು ಅವತ್ತೇ ಮೊದಲು. ಬರಿಗಾಲಿನ ಪ್ರಯೋಗ ಮಾತ್ರ ಎರಡು ಉಗುರು ಕಿತ್ತು ಬಂದ ದಿನ ನಿಲ್ಲಿಸಿದೆ.

ಭಾನುವಾರ ನಮ್ಮ ಹಳೇ ಕಾರ್ಖಾನೆ ತಂಡದ ನಲವತ್ತು ದಾಟಿದ ಗೆಳೆಯರ ಜೊತೆ ಆಡಿಸುತ್ತಿದ್ದೆ. ಮೊದಲ ವಾರ 0-7. ಹೊಟ್ಟೆ ಬಂದಿದ್ದರೂ ಆ ಮಹಾಶಯರು ಚೆಂಡು ಬಿಡಲ್ಲ, ಮೊಣಕೈ ಬೇರೆ. ಹತ್ತನೇ ವಾರಕ್ಕೆ 2-2. ಅಷ್ಟರಲ್ಲಿ ಅವರಲ್ಲಿ ಮೂವರ ಮಂಡಿ ಕೈಕೊಟ್ಟಿತ್ತು, ಅದನ್ನೂ ಹೇಳಬೇಕು.

ಪ್ರತಿ ತಿಂಗಳ ಮೊದಲ ಸೋಮವಾರ ಶಾಲೆಯ ಗೋಡೆಗೆ ಹುಡುಗರನ್ನು ನಿಲ್ಲಿಸಿ ಪೆನ್ಸಿಲ್ ಗೆರೆ. ಯಾರ ಗೆರೆ ಜೋರಾಗಿ ಮೇಲೇರುತ್ತಿದೆಯೋ ಅವನಿಗೆ ಆ ತಿಂಗಳು ಓಟ, ನೆಗೆತ ಅರ್ಧ. ಹಿಂದಿನ ವರ್ಷ ಮಂಡಿ ಕೆಳಗಿನ ಮೂಳೆ ಉಬ್ಬಿ ನೋವಾಗಿ ನಾಲ್ಕು ಜನ ಬೆಂಚಲ್ಲಿದ್ದರು, ಈ ಸಲ ಒಬ್ಬನೇ. ಉದ್ದ ಬೆಳೆಯುವಾಗ ಕೈಕಾಲು ಹೇಳಿದ ಮಾತು ಕೇಳಲ್ಲ, ಆಟ ಕೆಡುತ್ತದೆ. ಆ ಹೊತ್ತಲ್ಲೇ ನಾವು 'ಇವನಲ್ಲಿ ಏನೂ ಇಲ್ಲ' ಅಂತ ಮನೆಗೆ ಕಳಿಸಿಬಿಡುತ್ತೇವೆ. ನಾನೇ ಎಷ್ಟು ಜನರನ್ನು ಹಾಗೆ ಕಳಿಸಿದ್ದೇನೋ. ಗೆರೆಯ ಜೊತೆಗೆ ಆಟವಾದ ಮೇಲೆ ರಾಗಿ ಗಂಜಿ, ಎರಡು ಮೊಟ್ಟೆ. ತಿಂಗಳಿಗೆ ಮೂರು ಸಾವಿರ ದಾಟುತ್ತಿತ್ತು. ವರ್ಷದ ಒಟ್ಟು ಖರ್ಚಿನಲ್ಲಿ ಹತ್ತೋ ಹನ್ನೆರಡೋ ಸಾವಿರ ನನ್ನ ಜೇಬಿನದು. ಮನೆಯಲ್ಲಿ ಎಂಟು ಅಂತ ಹೇಳಿದ್ದೇನೆ.

ಲೀಗ್‌ನಲ್ಲಿ ಮೊದಲ ಎರಡು ಪಂದ್ಯ ಒಂದು ಸೋಲು, ಒಂದು ಡ್ರಾ. ದೊಡ್ಡ ಗ್ರೌಂಡಿನ ಅಗಲ ನೋಡಿ ಹುಡುಗರು ಎಲ್ಲ ನಡುವಲ್ಲೇ ಗುಂಪುಗಟ್ಟಿದರು, ಅದು ನನ್ನ ತಪ್ಪು. ಕೊನೆಯ ಒಂದು ತಿಂಗಳಾದರೂ ಹೊರಗೆ ತರಬೇಕಿತ್ತು. ಕಾರ್ಯದರ್ಶಿ ಆಗಲೇ ಹಳೇ ಪಟ್ಟಿ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದರು. ಆಮೇಲೆ ಹನ್ನೆರಡರಲ್ಲಿ ಹತ್ತು ಗೆಲುವು. ಬಿಟ್ಟುಕೊಟ್ಟ ಗೋಲು ಒಟ್ಟು ಒಂಬತ್ತೋ ಹತ್ತೋ, ಹಿಂದಿನ ವರ್ಷ ಇಪ್ಪತ್ತೈದರ ಮೇಲಿತ್ತು. ಅದೇ ಎದುರಾಳಿಯನ್ನು 3-0 ಹೊಡೆದೆವು. ಅವರ ಸ್ಟಾಪರ್ ಹಿಂದಿನ ವರ್ಷದಷ್ಟೇ ಎತ್ತರ ಇದ್ದ, ನಮ್ಮವನು ಅವನ ಕಿವಿಯ ತನಕ ಬಂದಿದ್ದ. ಮೂರನೇ ಗೋಲು ಶುರುವಾಗಿದ್ದು ನಮ್ಮ ಕೀಪರ್‌ನ ಕಾಲಿಂದ, ಆ ಬರೆಯದ ದಾರಿಯಲ್ಲಿ. ಡಿವಿಷನ್ ಮೇಲೇರಿದೆವು.

ಈಗ ಅವರೆಲ್ಲ ಹದಿನೇಳರೊಳಗಿನ ಗುಂಪಿಗೆ. ಮೂವರು ಚೆನ್ನಾಗಿ ಮುಂದೆ ಹೋಗಬಹುದು, ಒಬ್ಬನಿಗೆ ಟ್ರಯಲ್ಸ್‌ಗೆ ಕರೆ ಬಂದಿದೆ. ನಾಲ್ಕು ಜನಕ್ಕೆ ಹತ್ತನೇ ಕ್ಲಾಸು, ಜೂನ್ ತನಕ ಅವರನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಮೇಲಿನ ಡಿವಿಷನ್‌ನಲ್ಲಿ ಮೊದಲ ವರ್ಷ ನಡುವಿನ ಜಾಗ ಸಿಕ್ಕರೆ ನನಗೆ ತೃಪ್ತಿ, ಕಾರ್ಯದರ್ಶಿಗೆ ಕಪ್ ಬೇಕಂತೆ. ಶೂ ಪಟ್ಟಿ ಮತ್ತೆ ಹೊಸದಾಗಿ ಬರೆಯಬೇಕು. ಹೋದ ವರ್ಷ ತಂದ ಆರನೇ ನಂಬರಿನ ಹತ್ತು ಜೊತೆಯಲ್ಲಿ ಈಗ ಒಂದೂ ಯಾರ ಕಾಲಿಗೂ ಹಿಡಿಸುತ್ತಿಲ್ಲ.